ಮದ್ದು ಬಿಡುವವರಿಗೆ ಕಾಯುವ ಊರಲ್ಲಿ

ಅಕ್ಕ, ನಿಮ್ಮ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದದ್ದಕ್ಕೆ ಅಷ್ಟು ತಲೆಬಿಸಿ ಬೇಡ. ಪೇಟೆಯಲ್ಲಿ ಮೊಬೈಲ್ ಅಂಗಡಿ ಇಡುತ್ತೇನೆ ಅಂತಾನಲ್ಲ, ತಲೆಬಿಸಿ ಮಾಡಬೇಕಾದ್ದು ಅದಕ್ಕೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಈಗಲೇ ಎಷ್ಟು ಮೊಬೈಲ್ ಅಂಗಡಿ ಉಂಟು! ಎಲ್ಲರಲ್ಲೂ ಅದೇ ಕವರು, ಅದೇ ಚಾರ್ಜರು. ಅಲ್ಲಿ ಗಿರಾಕಿಗೆ ಇವನು ಕಾದು ಕೂರಬೇಕು. ಗಿರಾಕಿಯೇ ಕಾದು ಕೂತಿರುವ ಕೆಲಸ ಯಾವುದು ಅಂತ ಮೊದಲು ನೋಡಲಿ.

ನಮ್ಮ ಪುತ್ತೂರು, ಸುಳ್ಯದ ಕಡೆ ಅದನ್ನು ಹುಡುಕಿಕೊಂಡು ದೂರ ಹೋಗಬೇಕಾ? ಜೂನ್ ಬಂತೆಂದರೆ ಯಾರ ಮನೆಗೆ ಹೋದರೂ ಒಂದೇ ಮಾತು: "ಮದ್ದು ಬಿಡುವವರು ಸಿಕ್ಕಿದರಾ?" ಮಳೆಗಾಲ ಹಿಡಿಯುವ ಮೊದಲು ಅಡಿಕೆ ಗೊನೆಗೆ ಒಂದು ಸಲ ಬಿಡಬೇಕು, 40–45 ದಿನ ಕಳೆದು ಇನ್ನೊಂದು ಸಲ. ಮಳೆ ಬಿಡುವುದೇ ಇಲ್ಲ ಅಂತಾದರೆ ಮೂರನೆಯದೂ ಬೇಕು. ಕಷ್ಟ ಇರುವುದು ಎರಡನೆಯದರಲ್ಲಿ. ಮಳೆ ಹೊಳವಾಗಬೇಕು, ಗೊನೆ ಒಣಗಬೇಕು, ಅದೇ ದಿನ ಆಳೂ ಸಿಗಬೇಕು. ಮೂರೂ ಕೂಡಿಬರುವಷ್ಟರಲ್ಲಿ ಕೊಳೆರೋಗ ಬಂದು ಎಳೆ ಅಡಿಕೆ ಬುಡಕ್ಕೆ ಉದುರಿರುತ್ತದೆ. ವರ್ಷದ ದುಡಿಮೆ ಅದು. ಬೆಳಿಗ್ಗೆ ಎದ್ದು ಅದನ್ನು ಹೆಕ್ಕುವಾಗ ಆಗುವ ಸಂಕಟ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಮದ್ದು ಬಿಡುವ ಕಸುಬೂ ಆದಿಯಿಂದ ಇದ್ದದ್ದಲ್ಲ. ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮಲೆನಾಡಿನ ತೋಟಗಳನ್ನು ನೋಡಿ, ಕೊಳೆರೋಗದ ಮೇಲೆ 1910ರಲ್ಲಿ ಪುಸ್ತಕ ಬರೆದರು. ಬೋರ್ಡೋ ದ್ರಾವಣ ಬಿಟ್ಟರೆ ರೋಗ ತಡೆಯಬಹುದು ಅಂತ ತೋರಿಸಿಕೊಟ್ಟವರು ಅವರು. ಅದಕ್ಕೆ ಮೊದಲು ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಹೊಸ ಮದ್ದು ಬಂತು, ಹೊಸ ಕೆಲಸ ಹುಟ್ಟಿತು, ಎಷ್ಟೋ ಸಂಸಾರ ಅದರಲ್ಲಿ ನಡೆಯಿತು.

ಈಗ ಮರ ಹತ್ತುವವರಿಗೆ ವಯಸ್ಸಾಗಿದೆ. ಅವರ ಮಕ್ಕಳು ಹತ್ತುವುದಿಲ್ಲ, ಅದು ಸರಿಯೇ. ಐವತ್ತು ಅರುವತ್ತು ಅಡಿಯ ಜಾರುವ ಮರದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ದುಡಿಯಿರಿ ಅಂತ ಯಾವ ಬಾಯಲ್ಲಿ ಹೇಳುವುದು? ಅದಕ್ಕೇ ಕಾರ್ಬನ್ ಫೈಬರ್ ದೋಟಿ ಬಂದದ್ದು. ಕೊಳವೆಯೊಳಗಿಂದ ಕೊಳವೆ ಎಳೆದು ಬಿಗಿ ಮಾಡಿ, ನೆಲದಲ್ಲೇ ನಿಂತು ಮದ್ದು ಬಿಡಬಹುದು. ತುದಿಗೆ ಕತ್ತಿ ಸಿಕ್ಕಿಸಿದರೆ ಬೇಸಗೆಯಲ್ಲಿ ಕೊಯ್ಲೂ ಆಗುತ್ತದೆ. ಸುಲಭ ಅಂತ ನಾನು ಹೇಳುವುದಿಲ್ಲ. ಗಾಳಿಗೆ ಬಳುಕುವ ಅಷ್ಟುದ್ದದ ದೋಟಿಯನ್ನು ನೆಟ್ಟಗೆ ಹಿಡಿದು ದಿನವಿಡೀ ಮೇಲೆ ನೋಡಿದರೆ ಕತ್ತು ಹೆಗಲು ಹಿಡಿದುಕೊಳ್ಳುತ್ತದೆ. ಅದಕ್ಕೆ ಅಭ್ಯಾಸ ಬೇಕು. ವಿಟ್ಲದ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ಕೇಳಿದರೆ ತರಬೇತಿಯ ವಿಷಯ ತಿಳಿಯುತ್ತದೆ.

ದೋಟಿಯವರೂ ಈಗ ಬೇಕಾದಷ್ಟು ಇದ್ದಾರೆ ಅಂತೀರಾ? ಇದ್ದಾರೆ. ಆದರೆ ಅವರಿಗೆ ದೊಡ್ಡ ತೋಟವೇ ಬೇಕು. ಇನ್ನೂರು ಮುನ್ನೂರು ಮರ ಇರುವ ನಮ್ಮಂಥವರಿಗೆ "ನಾಳೆ ನೋಡುವ" ಅಂತಾರೆ, ಆ ನಾಳೆ ಬರುವುದಿಲ್ಲ. ನಿಮ್ಮ ಮಗ ಸಣ್ಣ ತೋಟಗಳನ್ನೇ ಹಿಡಿಯಲಿ. ಈ ಬೈಲಿನ ಹತ್ತಿಪ್ಪತ್ತು ಮನೆ ಸಾಕು. ಒಬ್ಬರ ತೋಟದಿಂದ ಇನ್ನೊಬ್ಬರಲ್ಲಿಗೆ ಪಂಪು ಹೊತ್ತು ನಡೆದೇ ಹೋಗಬಹುದು. ಯಾರಲ್ಲಿ ಯಾವ ತಾರೀಕಿಗೆ ಬಿಟ್ಟದ್ದು ಅಂತ ಪುಸ್ತಕದಲ್ಲಿ ಬರೆದಿಟ್ಟು, ನಲವತ್ತನೇ ದಿನ ಅವನೇ ಫೋನ್ ಮಾಡಲಿ. ಹಾಗೆ ಫೋನ್ ಮಾಡುವವರು ಈ ಊರಲ್ಲಿ ಒಬ್ಬರೂ ಇಲ್ಲ, ಅಕ್ಕ. ದೋಟಿಯನ್ನು ಯಾರು ಬೇಕಾದರೂ ತರಬಹುದು, ಆ ಫೋನನ್ನು ಅವನೊಬ್ಬನೇ ಮಾಡಿದರೆ ಈ ಬೈಲು ಅವನದ್ದು.

ಮದ್ದು ಮಾಡುವ ಹೊಣೆಯೂ ಅವನೇ ಹೊರಲಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ಎಲ್ಲರ ಬಾಯಲ್ಲೂ ಉಂಟು, ಆದರೆ ಸುಣ್ಣ ಹಳತಾದರೆ ಲೆಕ್ಕ ತಪ್ಪುತ್ತದೆ. ಹೊಳೆಯುವ ಕತ್ತಿ ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ಇನ್ನೂ ಸುಣ್ಣ ಬೇಕು. ಡಿಪ್ಲೊಮಾ ಓದಿದ ಹುಡುಗ, ಇಂಥದ್ದನ್ನು ಹಗುರ ಮಾಡಲಾರ. ಕೂಲಿ ಬ್ಯಾರೆಲಿಗೆ ಎಷ್ಟು, ಮರಕ್ಕೆ ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಹೇಳಲಿ. ನಮ್ಮವರು ದುಡ್ಡಿನ ಮಾತಿಗೆ ನಾಚಿ, ಆಮೇಲೆ ಮನಸ್ಸು ಕೆಡಿಸಿಕೊಳ್ಳುತ್ತಾರೆ.

ಒಂದು ವಿಷಯ ಮಾತ್ರ ನೀವೇ ಕೂರಿಸಿ ಹೇಳಬೇಕು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಆ ಸಾಲಿಗೆ ದೋಟಿ ಎತ್ತಲೇಬಾರದು, ಯಜಮಾನರು ಎಷ್ಟು ಒತ್ತಾಯ ಮಾಡಿದರೂ. ಮೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೆಯೇ ಆ ಮರಗಳು. ನಮ್ಮ ತೋಟದ ಕೆಳಗಿನ ಸಾಲಿನಲ್ಲೂ ಅಂಥ ಏಳೆಂಟು ಮರ ಉಂಟು. ಅವನು ಬರುವುದಾದರೆ ಮೇ ತಿಂಗಳಲ್ಲೇ ಒಮ್ಮೆ ಕಳಿಸಿ, ಯಾವುದು ಅಂತ ನಾನೇ ಜೊತೆಗೆ ನಡೆದು ತೋರಿಸುತ್ತೇನೆ.