ಮೈ ಎಂಬ ಯಂತ್ರ: ಬಳಕೆದಾರರ ಕೈಪಿಡಿ

ಈ ಯಂತ್ರವನ್ನು ನೀವು ಹುಟ್ಟಿದಾಗಿನಿಂದ ಬಳಸುತ್ತಿದ್ದೀರಿ. ಕೈಪಿಡಿ ತಡವಾಗಿ ತಲುಪುತ್ತಿರುವುದಕ್ಕೆ ವಿಷಾದಿಸುತ್ತೇವೆ. ಗ್ಯಾರಂಟಿ ಇಲ್ಲ, ಬದಲಿ ಮಾಲೂ ಇಲ್ಲ.

ಮೊದಲು ಓದಬೇಕಾದ್ದು

ಎದೆನೋವು ಎಡಗೈಗೋ ದವಡೆಗೋ ಹರಿಯುತ್ತಿದ್ದರೆ, ಮೈ ಬೆವರುತ್ತಿದ್ದರೆ ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ ಆಸ್ಪತ್ರೆಗೆ ಹೋಗಿ. ಇಸಿಜಿ ಸರಿಯಿದೆ, ಥೈರಾಯ್ಡ್ ಸರಿಯಿದೆ, ಡಾಕ್ಟರು ‘ನಿಮಗೇನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿಯೂ ಆಗಿದೆ, ಆದರೂ ಎದೆಯ ಡವಡವ ನಿಂತಿಲ್ಲ ಎಂದಾದರೆ ಮುಂದೆ ಓದಿ.

ಯಂತ್ರದ ಪರಿಚಯ

ಒಳಗೊಂದು ಅಪಾಯದ ಗಂಟೆಯಿದೆ. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ಇದರ ವಿವರ ಬರೆದಿಟ್ಟಿದ್ದಾರೆ: ಅಡ್ರಿನಲಿನ್ ಹರಿಯುತ್ತದೆ, ಗುಂಡಿಗೆ ಓಡುತ್ತದೆ, ಹೊಟ್ಟೆಯ ರಕ್ತ ಕೈಕಾಲಿನ ಸ್ನಾಯುಗಳಿಗೆ ತಿರುಗುತ್ತದೆ. ಎದುರಿಗೆ ಹುಲಿ ಬಂದಾಗ ಬಹಳ ಉಪಯೋಗ. ತೊಂದರೆಯೆಂದರೆ, ರಾತ್ರಿ ಹತ್ತಕ್ಕೆ ಮ್ಯಾನೇಜರು ‘ನಾಳೆ ಬೆಳಿಗ್ಗೆ ಮಾತಾಡೋಣ’ ಎಂದು ವಾಟ್ಸಾಪ್ ಮಾಡಿದರೂ ಅದೇ ಗಂಟೆ, ಅಷ್ಟೇ ಜೋರಾಗಿ ಮೊಳಗುತ್ತದೆ.

ಇನ್ನೊಂದು ತೊಂದರೆ, ಒಮ್ಮೊಮ್ಮೆ ಗಂಟೆ ನಿಲ್ಲುವುದೇ ಇಲ್ಲ. ಸ್ಕೂಟರಿನಿಂದ ಬಿದ್ದಿರಿ ಎನ್ನಿ. ಮೂಳೆ ಕೂಡಿತು, ಪ್ಲಾಸ್ಟರ್ ಬಿಚ್ಚಿದರು, ಇನ್ಶೂರೆನ್ಸ್ ದುಡ್ಡೂ ಅಲೆದಾಡಿಸಿ ಬಂತು. ಆದರೆ ಹಿಂದೆ ಲಾರಿ ಹಾರ್ನ್ ಹೊಡೆದ ಕೂಡಲೇ ಭುಜಗಳು ಕಿವಿಯವರೆಗೆ ಏರುತ್ತವೆ, ಗಂಟಲ ಪಸೆ ಆರುತ್ತದೆ, ಅಂಗೈ ತಣ್ಣಗಾಗುತ್ತದೆ. ಅಪಘಾತ ಮುಗಿದ ಸುದ್ದಿ ಭುಜಕ್ಕೆ ಇನ್ನೂ ತಲುಪಿಲ್ಲ. ಇಂಥದ್ದು ತಿಂಗಳು ದಾಟಿ, ನಿದ್ದೆ ಕೆಡಿಸಿ, ಆ ರಸ್ತೆಯನ್ನೇ ಬಿಡಿಸುವಷ್ಟು ತೀವ್ರವಾದರೆ ಅದು ಆಘಾತದ ನಂತರ ಉಳಿಯುವ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇರಬಹುದು. ಅಮೆರಿಕದ ಮನೋವೈದ್ಯರ ಪಟ್ಟಿಗೆ ಈ ಹೆಸರು ಸೇರಿದ್ದು 1980ರಲ್ಲಿ.

ತಂತಿ ನಕ್ಷೆ

ಮಿದುಳಿನಿಂದ ಇಳಿದು ಗಂಟಲು, ಗುಂಡಿಗೆ, ಶ್ವಾಸಕೋಶ, ಕರುಳನ್ನೆಲ್ಲ ಮುಟ್ಟುವ ಉದ್ದನೆಯ ನರಕ್ಕೆ ವೇಗಸ್ ಎಂದು ಹೆಸರು. ಅದರ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಕೆಳಗಿನ ವರದಿಯನ್ನು ಮೇಲಕ್ಕೆ ಒಯ್ಯುವಂಥವು. ಮೇಲಿನ ಆಜ್ಞೆಯನ್ನು ಕೆಳಗೆ ತರುವವು ಕಡಿಮೆ. ನಮ್ಮ ಸರ್ಕಾರಿ ಕಚೇರಿಗಳ ವ್ಯವಸ್ಥೆಗೆ ಇದು ಪೂರ್ತಿ ಉಲ್ಟಾ.

ಕೆಲಸ ಮಾಡದ ಗುಂಡಿಗಳು

ಯಂತ್ರದ ಮುಂಭಾಗದಲ್ಲಿ ‘ಧೈರ್ಯವಾಗಿರು’, ‘ಅದನ್ನೆಲ್ಲ ಯೋಚಿಸ್ಬೇಡ’, ‘ಪಾಸಿಟಿವ್ ಆಗಿರು’ ಎಂಬ ಮೂರು ದೊಡ್ಡ ಗುಂಡಿಗಳಿವೆ. ಬಂದ ನೆಂಟರೆಲ್ಲ ಇವನ್ನೇ ಒತ್ತುತ್ತಾರೆ. ಒಳಗೆ ತಂತಿ ಜೋಡಿಸಿಲ್ಲ.

ಕೆಲಸ ಮಾಡುವವು

ಹೊರಗೆ ಬಿಡುವ ಉಸಿರು ಒಂದು. ಉಸಿರು ಎಳೆದುಕೊಂಡಾಗ ಗುಂಡಿಗೆಯ ಬಡಿತ ತುಸು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಆದ್ದರಿಂದ ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ. ‘ಡೀಪ್ ಬ್ರೀತ್ ತಗೋ’ ಎನ್ನುವವರು ಅರ್ಧ ಮಾತ್ರ ಹೇಳಿದ್ದಾರೆ. ಪಾದಗಳನ್ನು ನೆಲಕ್ಕೆ ಊರಿ, ನೆಲ ತಣ್ಣಗಿದೆಯೇ ಒರಟಾಗಿದೆಯೇ ನೋಡಿ. ತಲೆ ತಿರುಗಿಸಿ ಕೋಣೆಯನ್ನು ನಿಧಾನ ನೋಡಿ: ಬಾಗಿಲು, ಕಿಟಕಿ, ಕ್ಯಾಲೆಂಡರ್, ಒಣಗಲು ಹಾಕಿದ ಟವೆಲ್. ‘ಹೋಗಿ ಮುಖ ತೊಳ್ಕೊಂಡು ಬಾ’ ಎಂಬ ಅಮ್ಮನ ಆಜ್ಞೆಗೂ ಆಧಾರವಿದೆ. ಉಸಿರು ಹಿಡಿದು ಮುಖಕ್ಕೆ ತಣ್ಣೀರು ಹಾಕಿದರೆ ಬಡಿತ ಇಳಿಯುತ್ತದೆ. ಹೃದಯದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟಷ್ಟೂ ಗಾಬರಿ ಹೆಚ್ಚುತ್ತದೆ. ಅಂಥವರು ಉಸಿರನ್ನು ಅದರ ಪಾಡಿಗೆ ಬಿಟ್ಟು ಟವೆಲ್ಲನ್ನೇ ನೋಡಲಿ.

ದೊಡ್ಡ ಸರ್ವಿಸ್

ಮೇಲಿನದು ಮನೆಯಲ್ಲಿ ಮಾಡುವ ಧೂಳು ಒರೆಸುವ ಕೆಲಸ. ಹಳೆಯ ಗಂಟೆಗೆ ತರಬೇತಾದ ಚಿಕಿತ್ಸಕರು ಬೇಕು. ಅವರಲ್ಲಿ ಮೈಯ ದಾರಿ ಹಿಡಿದವರ ಮುಂದೆ ಕೂತ ತಕ್ಷಣ ನೀವು ಅಪಘಾತದ ಕತೆಯನ್ನು ಹಾರ್ನ್‌ನಿಂದ ಹಿಡಿದು ಆಂಬುಲೆನ್ಸ್‌ವರೆಗೆ ಒಪ್ಪಿಸಲು ಸಿದ್ಧರಾಗಿರುತ್ತೀರಿ. ಅವರು ಕೈ ಅಡ್ಡ ಹಿಡಿದು, ‘ಇರಿ, ಇದನ್ನ ಹೇಳೋವಾಗ ಮೈಯಲ್ಲಿ ಎಲ್ಲಿ ಏನಾಗ್ತಿದೆ?’ ಎನ್ನುತ್ತಾರೆ. ಎದೆ ಬಿಗಿ ಎನ್ನುತ್ತೀರಿ. ‘ಬಿಗಿ ಇಲ್ಲದ ಜಾಗ ಯಾವುದಿದೆ?’ ಇದೆಂಥ ಪ್ರಶ್ನೆ ಎನಿಸುತ್ತದೆ. ಹುಡುಕಿದರೆ ಎಡ ಮೊಣಕಾಲು ಸಿಗುತ್ತದೆ. ಅದಕ್ಕೆ ಯಾವ ತಕರಾರೂ ಇಲ್ಲ. ಸರಿ, ಸ್ವಲ್ಪ ಹೊತ್ತು ಮೊಣಕಾಲಿನಲ್ಲಿರಿ, ಆಮೇಲೆ ಒಂದು ಕ್ಷಣ ಎದೆ, ಮತ್ತೆ ಮೊಣಕಾಲು. ಈ ಓಡಾಟವೇ ಚಿಕಿತ್ಸೆಯ ಬಹುಪಾಲು. ನೆನಪನ್ನು ಪಿಯುಸಿ ಲ್ಯಾಬಿನ ಬ್ಯುರೆಟ್‌ನಿಂದ ಬಿಟ್ಟ ಹಾಗೆ ಹನಿಹನಿಯಾಗಿ ಬಿಡುತ್ತಾರೆ; ಒಟ್ಟಿಗೆ ಸುರಿದರೆ ಏನಾಗುತ್ತದೆಂದು ಆ ಲ್ಯಾಬಿನಲ್ಲಿ ಬೈಸಿಕೊಂಡವರಿಗೆಲ್ಲ ಗೊತ್ತು.

ನಡುವೆ ಕೈ ನಡುಗಬಹುದು, ಆಕಳಿಕೆ ಬರಬಹುದು, ಹೊಟ್ಟೆ ಗುರುಗುಟ್ಟಬಹುದು, ಕಾರಣವಿಲ್ಲದೆ ಕಣ್ಣೀರು ಬರಬಹುದು. ನಾಚಿಕೆಪಟ್ಟು ತಡೆಯಬೇಡಿ. ಮೊದಲ ಭೇಟಿ ಮುಗಿಸಿ ಹೊರಬಂದವರಲ್ಲಿ ಬಹಳ ಮಂದಿ ‘ಇಷ್ಟಕ್ಕೆ ಇಷ್ಟು ಫೀಸಾ?’ ಎಂದುಕೊಳ್ಳುತ್ತಾರೆ. ಅದೂ ಸಹಜ ಲಕ್ಷಣ.

ತಯಾರಕರ ಚರಿತ್ರೆ

ಭಯ ಸ್ನಾಯುವಿನಲ್ಲಿ ಕವಚದ ಹಾಗೆ ಗಟ್ಟಿಯಾಗುತ್ತದೆ ಎಂದವರಲ್ಲಿ ಫ್ರಾಯ್ಡ್‌ರ ಶಿಷ್ಯ ವಿಲ್ಹೆಲ್ಮ್ ರೈಕ್ ಮೊದಲಿಗರು. ಆಮೇಲೆ ಅಮೆರಿಕಕ್ಕೆ ಹೋಗಿ, ‘ಆರ್ಗೋನ್’ ಶಕ್ತಿ ತುಂಬಿಕೊಳ್ಳುವ ಪೆಟ್ಟಿಗೆ ಮಾಡಿ, ಕೋರ್ಟಿನ ಆದೇಶ ಮೀರಿ, 1957ರಲ್ಲಿ ಜೈಲಿನಲ್ಲೇ ತೀರಿಕೊಂಡರು. ಒಳ್ಳೆಯ ಹೊಳಹಿಗೆ ಪೆಟ್ಟಿಗೆ ಮಾಡಿ ಮಾರುವ ಚಾಳಿ ಈ ಕ್ಷೇತ್ರವನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಮೇಲೆ ಹೇಳಿದ ಹನಿಹನಿ ವಿಧಾನ ಅಮೆರಿಕದ ಚಿಕಿತ್ಸಕ ಪೀಟರ್ ಲೆವೀನ್ ಅವರದು. 1997ರ ಅವರ ಪುಸ್ತಕದಿಂದ ಅದು ಹೆಸರಾಯಿತು. ಅಪಾಯ ತಪ್ಪಿಸಿಕೊಂಡ ಪ್ರಾಣಿ ಮೈ ಕೊಡವಿ ನಡೆದುಬಿಡುತ್ತದೆ, ಮನುಷ್ಯ ಮಾತ್ರ ಕೊಡವದೆ ಉಳಿಯುತ್ತಾನೆ ಎಂಬುದು ಅವರ ವಾದ. ಕೇಳಲು ಚೆಂದ; ಪುರಾವೆ ಅಷ್ಟು ಗಟ್ಟಿಯಿಲ್ಲ. 2017ರಲ್ಲಿ ಪ್ರಕಟವಾದ ಇಸ್ರೇಲಿನ ಪ್ರಯೋಗದಲ್ಲಿ ಈ ವಿಧಾನದಿಂದ ಪಿಟಿಎಸ್‌ಡಿ ಲಕ್ಷಣಗಳು ಇಳಿದದ್ದು ನಿಜ, ಆದರೆ ಅದರಲ್ಲಿದ್ದವರು 63 ಮಂದಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ ಸೂಚಿಸಿದ್ದು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮತ್ತು ಕಣ್ಣಿನ ಚಲನೆ ಬಳಸುವ ಇಎಂಡಿಆರ್. ನನ್ನನ್ನು ಕೇಳಿದರೆ, ಮೈಯ ದಾರಿಯನ್ನು ಇವುಗಳ ಜೊತೆಗೆ ಹಿಡಿಯಿರಿ, ಬದಲಿಗೆ ಅಲ್ಲ.

ಸರ್ವಿಸ್ ಸೆಂಟರ್

ವಾರಾಂತ್ಯದ ಶಿಬಿರ ಮುಗಿಸಿ ಬಂದ ‘ಹೀಲರ್’ಗಳಿಂದ ದೂರವಿರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಉತ್ತರ ಸಿಕ್ಕಿತು. ನಿಮ್ಮನ್ನು ಕೇಳದೆ ಮೈ ಮುಟ್ಟುವವರ ಕೋಣೆಯಿಂದ ಎದ್ದು ಬನ್ನಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ: ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೂ ಇದೆ. 2022ರಿಂದ ನಡೆಯುತ್ತಿರುವ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ.

ಮನೆಯವರಿಗೆ

ಹಿಂದಿನಿಂದ ಬಂದು ಭುಜ ತಟ್ಟಬೇಡಿ. ‘ಏನಾಯ್ತು, ಏನಾಯ್ತು’ ಎಂದು ಅಲುಗಾಡಿಸಬೇಡಿ. ಪಕ್ಕದಲ್ಲಿ ಕೂತು ‘ನೀರು ಕೊಡ್ಲಾ?’ ಎಂದರೆ ಸಾಕು. ಮಾವನವರು ‘ನಮ್ ಕಾಲದಲ್ಲಿ ಇವೆಲ್ಲ ಇರ್ಲಿಲ್ಲ’ ಎಂದು ಶುರುಮಾಡಿದರೆ ವಾದಿಸಬೇಡಿ, ಅವರಿಗೂ ಒಂದು ಕುರ್ಚಿ ಹಾಕಿ. ಕುಕ್ಕರ್ ಕೂಗಿದಾಗಲೆಲ್ಲ ಪೇಪರು ಕೈಜಾರಿಸಿ ಬೆಚ್ಚುವವರು ಆ ಮನೆಯಲ್ಲಿ ಅವರೊಬ್ಬರೇ.