ಡಬ್ಬಮೀಮಾಂಸೆ: ತುಕ್ಕಿನ ಸ್ವರೂಪ ಹಾಗೂ ಅದರ ವಿಕ್ರಯ

ಕನ್ನಡ ವಿದ್ವತ್ ಲೋಕವು ಶಾಸನಕ್ಕೆ, ತಾಳೆಗರಿಗೆ, ವೀರಗಲ್ಲಿಗೆ ಕೊಟ್ಟ ಮರ್ಯಾದೆಯಲ್ಲಿ ಕಾಲು ಪಾಲನ್ನೂ ಡಾಲ್ಡಾ ಡಬ್ಬಕ್ಕೆ ಕೊಟ್ಟಿಲ್ಲ. ಬಿ. ಎಲ್. ರೈಸ್ ಸಾವಿರಾರು ಶಾಸನಗಳನ್ನು ಹುಡುಕಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದರು, ಯಾರ ಮನೆಯ ಅಟ್ಟವನ್ನೂ ಹತ್ತಿ ನೋಡಲಿಲ್ಲ. ಅವರು ತೀರಿಕೊಂಡದ್ದು 1927ರಲ್ಲಿ, ಡಾಲ್ಡಾ ಮಾರುಕಟ್ಟೆಗೆ ಬಂದದ್ದು 1937ರಲ್ಲಿ ಎಂಬುದಷ್ಟೇ ಅವರ ಪರವಾಗಿ ಹೇಳಬಹುದಾದ ಮಾತು. ಉಳಿದ ವಿದ್ವಾಂಸರಿಗೆ ಈ ನೆಪವೂ ಇಲ್ಲ.

ಮೊದಲಿಗೆ ಲಕ್ಷಣ. ತವರ ಬಳಿದ ಉಕ್ಕಿನ ತಗಡಿನಿಂದಾದ, ಮುಚ್ಚಳವುಳ್ಳ, ಒಳಗೆ ಹೊರಗಿನ ಬರಹಕ್ಕೆ ಸಂಬಂಧವಿಲ್ಲದ ವಸ್ತುವಿರುವ ಪಾತ್ರವೇ ಡಬ್ಬ. ಇಂಗ್ಲೆಂಡಿನಲ್ಲಿ 1810ರಲ್ಲಿ ಪೀಟರ್ ಡ್ಯುರಾಂಡ್ ಇದಕ್ಕೆ ಪೇಟೆಂಟ್ ಪಡೆದ. ಅದನ್ನು ತೆರೆಯುವ ಸಾಧನ ಬರಲು ಮುಂದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ವರ್ಷ ಜನ ಉಳಿ ಸುತ್ತಿಗೆ ಹಿಡಿದು ಊಟಕ್ಕೆ ಕೂತರು. ನಮ್ಮಲ್ಲಿ ಜಮ್ಶೆಡ್‌ಪುರದ ಗೋಲ್ಮುರಿಯಲ್ಲಿ 1920ರ ದಶಕದಲ್ಲಿ ಈ ತಗಡು ತಯಾರಾಗತೊಡಗಿತು, ಮುಖ್ಯವಾಗಿ ಸೀಮೆಎಣ್ಣೆ ಡಬ್ಬಗಳಿಗಾಗಿ.

ತವರದ ಸ್ವಭಾವವನ್ನು ಇಲ್ಲಿ ಗಮನಿಸಬೇಕು. ಸತು ಬಳಿದ ತಗಡಿಗೆ ಗೀರು ಬಿದ್ದರೆ ಸತು ತಾನೇ ಸವೆದು ಕಬ್ಬಿಣವನ್ನು ಉಳಿಸುತ್ತದೆ. ತವರ ಹಾಗಲ್ಲ. ಗೀರು ಬಿದ್ದೊಡನೆ ಕಬ್ಬಿಣವನ್ನು ಮುಂದೆ ನೂಕಿ, ತಾನು ಹಿಂದೆ ನಿಂತು ಹೊಳೆಯುತ್ತಿರುತ್ತದೆ. ಇಂಥವರನ್ನು ಓದುಗರು ಕಚೇರಿಗಳಲ್ಲಿ ಕಂಡಿರುತ್ತಾರೆ.

ತುಕ್ಕಿನ ವಿಷಯದಲ್ಲಿ ಮೂರು ಮತಗಳಿವೆ. ದ್ವೈತಿಗಳ ಪ್ರಕಾರ ತುಕ್ಕು ಬೇರೆ, ಡಬ್ಬ ಬೇರೆ. ಉಜ್ಜಿದರೆ ತುಕ್ಕು ತೊಲಗಿ ಡಬ್ಬ ಉಳಿಯುತ್ತದೆ. ಅದ್ವೈತಿಗಳು ಎರಡೂ ಒಂದೇ ಎನ್ನುತ್ತಾರೆ. ಪ್ರಯೋಗ ಮಾಡಿ ನೋಡಿದಾಗ, ಉಜ್ಜಿದ ಜಾಗದಲ್ಲಿ ಕಂಡದ್ದು ಡಬ್ಬವಲ್ಲ, ತೂತು. ತೂತಿನಾಚೆ ಬಚ್ಚಲ ಗೋಡೆ. ಕಬ್ಬಿಣವೇ ನೀರು, ಆಮ್ಲಜನಕಗಳ ಸಹವಾಸದಿಂದ ತುಕ್ಕಾಗುವುದರಿಂದ ರಸಾಯನಶಾಸ್ತ್ರವೂ ಅದ್ವೈತದ ಪಕ್ಷವೇ. ವಿಶಿಷ್ಟಾದ್ವೈತಿಗಳು ಗುಜರಿ ಅಂಗಡಿಯವರು. ತುಕ್ಕು ಡಬ್ಬದ ವಿಶೇಷಣ, ವಿಶೇಷಣಕ್ಕೆ ಪ್ರತ್ಯೇಕ ರೇಟು ಎಂಬುದು ಅವರ ಸಿದ್ಧಾಂತ.

ದೇಶಭೇದದಿಂದಲೂ ತುಕ್ಕು ಭಿನ್ನ. ಮಂಗಳೂರು, ಕಾರವಾರ, ಅತ್ತ ವಿಶಾಖಪಟ್ಟಣದ ಬಳಿಯ ಅಚ್ಯುತಾಪುರಂ, ಇಲ್ಲೆಲ್ಲ ಕಡಲ ಉಪ್ಪುಗಾಳಿ ಹಗಲಿರುಳು ದುಡಿಯುತ್ತದೆ. ಚಿತ್ರದುರ್ಗದ ಒಣಹವೆಯಲ್ಲಿ ತಲೆಮಾರು ಹಿಡಿಯುವ ಕೆಲಸ ಅಲ್ಲಿ ಕೆಲವು ಮಳೆಗಾಲದಲ್ಲೇ ಮುಗಿಯುತ್ತದೆ. ಕರಾವಳಿಯ ಡಬ್ಬವನ್ನು ನೋಡಿ ವಯಸ್ಸು ಹೇಳುವವರು ಮೋಸಹೋಗುವುದು ಖಂಡಿತ.

ಆದ್ದರಿಂದ ಕಾಲನಿರ್ಣಯಕ್ಕೆ ತುಕ್ಕನ್ನಲ್ಲ, ಲಿಪಿಯನ್ನು ನೋಡಬೇಕು. ಬೆಲೆ ಆಣೆಯಲ್ಲಿದ್ದರೆ ಡಬ್ಬ 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವುದಕ್ಕಿಂತ ಹಿಂದಿನದು. ತೂಕ ಪೌಂಡಿನಲ್ಲಿದ್ದರೆ ಹೆಚ್ಚುಕಡಿಮೆ ಅದೇ ಕಾಲದ್ದು. ವಿಳಾಸದಲ್ಲಿ ‘ಬೆಂಗಳೂರು-2’ ಎಂದಷ್ಟೇ ಇದ್ದು ಆರಂಕಿಯ ಪಿನ್‌ಕೋಡ್ ಇಲ್ಲದಿದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದೆ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದೆ. ಹಳೇ ಅಚ್ಚನ್ನೇ ಒತ್ತುತ್ತಾ ಹೋದ ಜಿಪುಣ ಮಾಲೀಕರು ಈ ಲೆಕ್ಕವನ್ನು ಕೆಡಿಸುತ್ತಾರೆ, ಅದಕ್ಕೆ ಶಾಸ್ತ್ರ ಹೊಣೆಯಲ್ಲ. ಪಾಠಾಂತರಗಳೂ ಉಂಟು. ನಾನು ಪರಿಶೀಲಿಸಿದ ಒಂದು ಡಬ್ಬದ ಮೂಲಪಾಠ ‘ಬೋರ್ನ್‌ವಿಟಾ’. ಅದರ ಮೇಲೆ ಬಿಳಿ ಪೇಂಟಿನಲ್ಲಿ ‘ಮೆಂತ್ಯ’, ಮೆಂತ್ಯವನ್ನು ಹೊಡೆದುಹಾಕಿ ‘ಕಡ್ಲೆಬೇಳೆ’. ಒಳಗಿದ್ದದ್ದು ಗುಂಡಿ, ಸೂಜಿ, ದಾರ ಮತ್ತು ಅವಧಿ ಮುಗಿದ ರೇಷನ್ ಕಾರ್ಡು.

ಇನ್ನು ಶುದ್ಧೀಕರಣ. 1935ರ ಜನವರಿಯಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಬಿಯರನ್ನು ಮೊದಲ ಬಾರಿಗೆ ಡಬ್ಬದಲ್ಲಿ ಮಾರಿದರು. ಅಂಥ ಖಾಲಿ ಡಬ್ಬಗಳನ್ನು ಕಾಡು, ಚರಂಡಿಗಳಿಂದ ಹೆಕ್ಕಿ ತರುವ ಅಲ್ಲಿನ ಭಕ್ತರು ತುಕ್ಕು ತೆಗೆಯಲು ಆಕ್ಸಾಲಿಕ್ ಆಮ್ಲದ ನೀರಲ್ಲಿ ನೆನೆಹಾಕುತ್ತಾರೆ. ಅದು ವಿಷ, ಅಡುಗೆಮನೆಯ ಹತ್ತಿರ ತರಬಾರದು. ನಮ್ಮ ಸಂಪ್ರದಾಯದಲ್ಲಿ ಹುಣಸೆಹಣ್ಣೇ ಆಚಾರ್ಯ, ಅದರ ಟಾರ್ಟಾರಿಕ್ ಆಮ್ಲಕ್ಕೆ ಕಬ್ಬಿಣದ ತುಕ್ಕು ಮಣಿಯುತ್ತದೆ. ಡಾಲ್ಡಾ ಡಬ್ಬವನ್ನು ರಾತ್ರಿ ಹುಣಸೆ ನೀರಿಗೆ ಹಾಕಿಟ್ಟರೆ ಬೆಳಿಗ್ಗೆ ನೀರು ಸಾರಿನ ಬಣ್ಣಕ್ಕೆ ತಿರುಗಿರುತ್ತದೆ (ಮನೆಯವರಿಗೆ ಮೊದಲೇ ತಿಳಿಸಿಡುವುದು ಕ್ಷೇಮ). ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಸವರಿದರೆ ಮೊದಲು ಹಳದಿ, ಆಮೇಲೆ ಹಸಿರು ಗರಿ, ಕೊನೆಗೆ ಡಬ್ಬದ ಚಿತ್ರದಲ್ಲಿನ ಇಡೀ ತಾಳೆಮರ ಮೇಲೇಳುತ್ತದೆ. ಬೂದಿ, ಸ್ಟೀಲ್ ನಾರು ಮುಟ್ಟಲೇಬಾರದು. ಮುಟ್ಟಿದರೆ ತಾಳೆಮರ ಬೋಳಾಗುತ್ತದೆ. ತೊಳೆದ ಮೇಲೆ ಬಿಸಿಲಲ್ಲಿ ಪೂರ್ತಿ ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ಕೈ ಸವರಬೇಕು. ಇಲ್ಲದಿದ್ದರೆ ವಾರದೊಳಗೆ ಅದ್ವೈತ ಮರಳುತ್ತದೆ.

ವಿಕ್ರಯಕಾಂಡದಲ್ಲಿ ಶಾಸ್ತ್ರಕ್ಕೆ ಪೆಟ್ಟು ಬೀಳುತ್ತದೆ. ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಬೆಂಗಳೂರು ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಒಂದು ಡಬ್ಬದ ಬೆಲೆ ಕೇಳಿದರು.

“ಆಂಟಿಕ್ ಪೀಸು ಸಾರ್.”

“ನೀನು ತೂಕಕ್ಕೆ ಹಾಕಿಸ್ಕೊಂಡಿದ್ದು ತಾನೆ?”

“ತಗೊಳ್ಳೋವಾಗ ಕಬ್ಬಿಣ, ಕೊಡೋವಾಗ ಆಂಟಿಕ್ಕು ಸಾರ್.”

ಆಗ ಮೇಷ್ಟ್ರು ಚೀಲದಿಂದ ತಾವೇ ಉಜ್ಜಿ ಮಿಂಚಿಸಿದ ಡಬ್ಬ ತೆಗೆದು ಮುಂದಿಟ್ಟರು. ಅಂಗಡಿಯವನು ತಿರುಗಿಸಿ, ತಳ ನೋಡಿ, ಮೂಸಿ, ಕೆಳಗಿಟ್ಟ. “ಅಯ್ಯೋ, ತೊಳೆದುಬಿಟ್ರಾ ಸಾರ್? ನೆನ್ನೆ ಮಾಡಿದ ಹಾಗಿದೆ. ಯಾರು ನಂಬ್ತಾರೆ?”

ಕೊಳ್ಳುವವನಿಗೆ ಡಬ್ಬ ಬೇಕಿಲ್ಲ, ಡಬ್ಬ ಹಳೆಯದೆಂಬ ಸಾಕ್ಷಿ ಬೇಕು. ಇದನ್ನರಿತ ಜಾಣರು ಹೊಸ ತಗಡಿಗೇ ಉಪ್ಪುನೀರು ಚಿಮುಕಿಸಿ ತುಕ್ಕು ಬರಿಸಿ, ಕಾಫಿ ಅಂಗಡಿಗಳ ಗೋಡೆಗೆ ಮಾರುತ್ತಾರೆ. ಕಡಲು ಪುಕ್ಕಟೆ ಮಾಡುವ ಕೆಲಸಕ್ಕೆ ಇಲ್ಲಿ ಕೂಲಿ ಸಿಗುತ್ತದೆ.

ಆದಕಾರಣ ಭಾನುವಾರ ಡಬ್ಬ ಹಿಡಿದು ಹೊರಡುವವರಲ್ಲಿ ವಿನಂತಿ. ಚಿತ್ರವಿರುವ ಮುಂಭಾಗವನ್ನಷ್ಟೇ ತೊಳೆಯಿರಿ, ತಳದ ತುಕ್ಕು ಹಾಗೇ ಇರಲಿ. ಡಬ್ಬದಲ್ಲಿ ಕರಿಬೇವಿನ ಗಿಡವಿದ್ದರೆ ಬೇರೆ ಕುಂಡಕ್ಕೆ ಬದಲಾಯಿಸಿಕೊಳ್ಳಿ. ಮುಚ್ಚಳವನ್ನು ಮಾತ್ರ ಮರೆಯದೆ ಒಯ್ಯಿರಿ. ಮುಚ್ಚಳವಿಲ್ಲದ ಡಬ್ಬಕ್ಕೆ ಮೂರು ಮತದಲ್ಲೂ ಬೆಲೆಯಿಲ್ಲ.