ಟಿಇಟಿ ಪ್ರಮಾಣಪತ್ರ ಮಾತಿಗೆ ಸಿಕ್ಕಾಗ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಸ್ಟಾಫ್ ರೂಮಿನ ಬೀರುವಿನಲ್ಲಿ ಬಿಸಿಯೂಟದ ಲೆಕ್ಕದ ರಿಜಿಸ್ಟರಿಗೆ ಒರಗಿಕೊಂಡು ಒಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ಲ್ಯಾಮಿನೇಷನ್ ಹೊದ್ದು ಮಲಗಿದೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಟಿಇಟಿ. ಅದರ ಒಡತಿ ಇಲ್ಲಿನ ಅತಿಥಿ ಶಿಕ್ಷಕಿ. ಪರೀಕ್ಷೆ ಪಾಸಾಗಿದೆ, ಕೆಲಸ ಮಾತ್ರ ಕಾಯಂ ಆಗಿಲ್ಲ. ಪಕ್ಕದ ಕುರ್ಚಿಯ ಹಿರಿಯ ಮೇಷ್ಟ್ರು 2003ರಲ್ಲಿ ಸೇರಿದವರು. ಅವರ ಕೆಲಸ ಕಾಯಂ, ಆದರೆ ಪ್ರಮಾಣಪತ್ರ ಇಲ್ಲ. ಇಬ್ಬರಿಗೂ ಸಮನಾಗಿ ಹಂಚಿಕೆಯಾಗಿರುವುದು ಏಳನೇ ತರಗತಿಯ ಮಕ್ಕಳು ಮಾಡಿಕೊಂಡು ಬಾರದ ಹೋಂವರ್ಕ್.

ಪತ್ರಿಕೆಯ ಪ್ರತಿನಿಧಿ ಬೀರು ತೆರೆದಾಗ ಪ್ರಮಾಣಪತ್ರ ಬಿಗುಮಾನದಲ್ಲೇ ಇತ್ತು. ಮೂಲಪ್ರತಿ ತಾನೇ ಎಂದು ಮೊದಲು ಖಾತ್ರಿ ಮಾಡಿತು.

ಪ್ರತಿನಿಧಿ: ತಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಬಹುದಾ?

ಪ್ರಮಾಣಪತ್ರ: ದೊಡ್ಡ ಮನೆತನ ಸ್ವಾಮಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದೇ ವರ್ಷ ಆಗಸ್ಟ್ 23ರಂದು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಒಂದರಿಂದ ಎಂಟನೇ ತರಗತಿಗೆ ಪಾಠ ಮಾಡುವವರ ಕೈಯಲ್ಲಿ ನಾನು ಇರಲೇಬೇಕು ಅಂತ ಅಧಿಸೂಚನೆ ಹೊರಡಿಸಿತು. 150 ಪ್ರಶ್ನೆ, 150 ಅಂಕ, 150 ನಿಮಿಷ. ಶೇ 60 ಬಂದರೆ ಪಾಸು, ಮೀಸಲು ವರ್ಗದವರಿಗೆ ಸ್ವಲ್ಪ ರಿಯಾಯಿತಿ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ.

ಪ್ರತಿನಿಧಿ: ಹಾಗಾದರೆ ಗೊತ್ತಿಲ್ಲದಿದ್ದರೂ ಯಾವುದೋ ಒಂದು ವೃತ್ತ ತುಂಬಿ ಬರಬಹುದು.

ಪ್ರಮಾಣಪತ್ರ: ಬಿಟ್ಟು ಬರುವವರು ದಡ್ಡರು.

ಆಯಸ್ಸಿನ ಮಾತು ಬಂದಾಗ ಅದರ ದನಿಯಲ್ಲಿ ಗೆಲುವು ಕಂಡಿತು. ಮೊದಲು ಟಿಇಟಿಗೆ 7 ವರ್ಷದ ಮಾನ್ಯತೆ ಇತ್ತು, ಆಮೇಲೆ ಮತ್ತೆ ಪರೀಕ್ಷೆ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆಜೀವ ಮಾನ್ಯತೆ ಘೋಷಿಸಿತು, ಅದೂ 2011ರಿಂದಲೇ ಅನ್ವಯವಾಗುವಂತೆ. "ಸತ್ತು ಹೋಗಿದ್ದ ನಮ್ಮವರೆಲ್ಲ ಫೈಲುಗಳಲ್ಲಿ ಎದ್ದು ಕೂತರು" ಎಂದಿತು.

ಪ್ರತಿನಿಧಿ: ಎಲ್ಲರಿಗೂ ಆ ಭಾಗ್ಯ ಇಲ್ಲವಲ್ಲ?

ಪ್ರಮಾಣಪತ್ರ: ನಮ್ಮಣ್ಣ ಬಿ.ಇಡಿ. ಪಾಡು ನೋಡಿ. ಒಂದರಿಂದ ಐದನೇ ತರಗತಿಗೂ ನಡೆಯುತ್ತದೆ ಅಂತ 2018ರಲ್ಲಿ ಎನ್‌ಸಿಟಿಇ ಹೇಳಿತು. ನಡೆಯುವುದಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಡುವೆ ಫೀಸು ಕಟ್ಟಿ ಓದಿದವರು ಯಾರನ್ನು ಕೇಳಬೇಕು? ನನ್ನನ್ನಂತೂ ಕೇಳಬೇಡಿ.

ಪ್ರತಿನಿಧಿ: ನಿಮ್ಮ ಅಗತ್ಯವಾದರೂ ಏನಿತ್ತು? ಡಿ.ಇಡಿ., ಬಿ.ಇಡಿ. ಇದ್ದವಲ್ಲ?

ಪ್ರಮಾಣಪತ್ರ: ಇದ್ದವು. ಹೇಗಿದ್ದವು ಅಂತ 2012ರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ ವರದಿ ಓದಿ. ಹತ್ತು ಸಾವಿರಕ್ಕೂ ಹೆಚ್ಚಿರುವ ಬಿಡಿ ಬಿ.ಇಡಿ., ಡಿ.ಇಡಿ. ಕಾಲೇಜುಗಳಲ್ಲಿ ಹೆಚ್ಚಿನವು ಪದವಿ ಮಾರುವ ಅಂಗಡಿಗಳು ಅಂತ ಆ ಆಯೋಗದ ಮಾತನ್ನೇ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎತ್ತಿ ಹೇಳಿದೆ. ಅಂಗಡಿಯಿಂದ ಬಂದ ಸಾಮಾನನ್ನು ಯಾರಾದರೂ ತೂಗಿ ನೋಡಬೇಕಲ್ಲ?

ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಹೊಸದಾಗಿ ಬರುವವರನ್ನು ಒಂದು ಜರಡಿಯಲ್ಲಿ ಹಾಯಿಸುವುದು ನ್ಯಾಯವೇ. ತಕರಾರು ಇರುವುದು ಇಪ್ಪತ್ತು ವರ್ಷ ಸೀಮೆಸುಣ್ಣ ತಿಂದವರನ್ನೂ ಅದೇ ಜರಡಿಗೆ ಸುರಿಯುವುದರಲ್ಲಿ. 2025ರ ಸೆಪ್ಟೆಂಬರ್ 1ರಂದು ನ್ಯಾಯಮೂರ್ತಿ ದೀಪಾಂಕರ್ ದತ್ತ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಕೊಟ್ಟ ತೀರ್ಪಿನ ಪ್ರಕಾರ, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು 2 ವರ್ಷದೊಳಗೆ ಟಿಇಟಿ ಪಾಸಾಗಬೇಕು. ಆಗದಿದ್ದರೆ ಕೆಲಸ ಬಿಡಬೇಕು. 5 ವರ್ಷಕ್ಕಿಂತ ಕಡಿಮೆ ಇರುವವರು ಇದ್ದಲ್ಲೇ ಇರಬಹುದು, ಬಡ್ತಿ ಮಾತ್ರ ಕೇಳುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆ ದೊಡ್ಡ ಪೀಠಕ್ಕೆ ಹೋಗಿದೆ. ನಮ್ಮ ಮೇಷ್ಟ್ರಿಗೆ ಇನ್ನೂ 9 ವರ್ಷ ಸೇವೆ ಇದೆ.

ಪ್ರತಿನಿಧಿ: ಎರಡು ವರ್ಷ ಸಾಕಲ್ಲವೇ ಓದೋಕೆ?

ಪ್ರಮಾಣಪತ್ರ: ಓದೋಕೆ ಸಾಕು, ಓದೋಕೆ ಬಿಟ್ಟರೆ. ತೀರ್ಪು ಬಂದ ಮೂರೇ ವಾರಕ್ಕೆ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮೇಷ್ಟ್ರು ಮೊಬೈಲು ಹಿಡಿದು ಮನೆ ಮನೆ ಸುತ್ತಿದರು. ಮುಗಿಯಲಿಲ್ಲ ಅಂತ ದಸರಾ ರಜೆ ಅಕ್ಟೋಬರ್ 18ರವರೆಗೂ ಎಳೆಯಿತು. ಮಕ್ಕಳಿಗೆ ಹೋಂವರ್ಕ್ ಇಲ್ಲದ ಆ ದಿನಗಳಲ್ಲಿ ಹೋಂವರ್ಕ್ ಮಾಡಿದವರು ಮೇಷ್ಟ್ರೇ. ಹಿಂದೆಯೇ ಜನಗಣತಿ ಇದೆ, ಅದರ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಕ್ಕೆ ಮಾತ್ರ ವಿನಾಯಿತಿ. ನಮ್ಮ ದೇಶದಲ್ಲಿ ಈ ಮೂರರಲ್ಲಿ ಒಂದಾದರೂ ಇಲ್ಲದ ವರ್ಷ ಇದ್ದರೆ ತಿಳಿಸಿ.

ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಹೊರಗೆ ಜಗಲಿಯಲ್ಲಿ ಒಂದೇ ನೋಟ್‌ಬುಕ್ಕಿನ ಸುತ್ತ ಏಳೆಂಟು ಮಕ್ಕಳು ಬಗ್ಗಿ ಬರೆದುಕೊಳ್ಳುತ್ತಿದ್ದರು. ಮೂಲದಲ್ಲಿ ಏಳೆಂಟಲ ಐವತ್ನಾಲ್ಕು ಎಂದಿತ್ತು. ಐದು ನಿಮಿಷದಲ್ಲಿ ಎಲ್ಲ ಪುಸ್ತಕಗಳಲ್ಲೂ ಏಳೆಂಟಲ ಐವತ್ನಾಲ್ಕೇ ಆಯಿತು.

ಪ್ರತಿನಿಧಿ: ಇದಕ್ಕೆ ನಿಮ್ಮಲ್ಲಿ ಮದ್ದಿದೆಯೇ?

ಪ್ರಮಾಣಪತ್ರ: ಇಲ್ಲದೇ ಏನು! ನನ್ನ 150 ಪ್ರಶ್ನೆಗಳಲ್ಲಿ 30 ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೇ ಮೀಸಲು. ಪಿಯಾಜೆಯ ಹಂತಗಳು, ವೈಗಾಟ್ಸ್‌ಕಿ, ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು. ಅಭಿಪ್ರೇರಣೆಯ ಮೇಲೂ ಪ್ರಶ್ನೆ ಬರುತ್ತದೆ. ಬಾಹ್ಯವೋ ಆಂತರಿಕವೋ, ಯಾವುದು ಬಾಳಿಕೆ ಬರುತ್ತದೆ? ಸರಿ ಉತ್ತರ: ಆಂತರಿಕ. ಹೆದರಿಸಿ, ಆಸೆ ತೋರಿಸಿ ಕಲಿಸಿದ್ದು ನಿಲ್ಲುವುದಿಲ್ಲ.

ಪ್ರತಿನಿಧಿ: ಮೇಷ್ಟ್ರು ಈಗ ಅದನ್ನು ಓದುತ್ತಿರುವುದು ಯಾವ ಅಭಿಪ್ರೇರಣೆಯಿಂದ?

ಪ್ರಮಾಣಪತ್ರ ಲ್ಯಾಮಿನೇಷನ್ ಒಳಗೆ ಮಗ್ಗುಲು ಬದಲಿಸಿತು. "ಕೆಲಸ ಹೋಗುವ ಭಯದಿಂದ" ಎಂದು ಮೆಲ್ಲಗೆ ಒಪ್ಪಿಕೊಂಡಿತು. ಗೈಡ್ ಕೊಂಡಿದ್ದಾರಂತೆ. ಹಳೆಯ ಪ್ರಶ್ನೆಪತ್ರಿಕೆಯ ಕೀ ಉತ್ತರಗಳನ್ನು ವಾಟ್ಸ್‌ಆ್ಯಪ್ ಗುಂಪಿನಿಂದ ಇಳಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಾರಂತೆ. ಜಗಲಿಯ ಮಕ್ಕಳಿಗೂ ಅವರಿಗೂ ಇರುವ ವ್ಯತ್ಯಾಸ ವಯಸ್ಸಿನದು ಮಾತ್ರ.

ಪ್ರತಿನಿಧಿ: 1973ರಲ್ಲಿ ಅಮೆರಿಕದಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಪ್ರಕಟಿಸಿದ ಪ್ರಯೋಗ ನಿಮ್ಮ ಪಠ್ಯಕ್ರಮದಲ್ಲಿದೆಯೇ?

ಪ್ರಮಾಣಪತ್ರ: ನಮ್ಮ ಮನೆತನದ ಗುಟ್ಟನ್ನು ಬಯಲಿಗೆಳೆಯಬೇಡಿ ಸ್ವಾಮಿ.

ಗುಟ್ಟು ಇಷ್ಟೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಬಣ್ಣದ ಪೆನ್ನು ಸಿಕ್ಕರೆ ಸಾಕು ಖುಷಿಯಿಂದ ಚಿತ್ರ ಬಿಡಿಸುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಮುಗಿದ ಮೇಲೆ ಕೊಟ್ಟರು. ಮತ್ತೊಂದಕ್ಕೆ ಏನೂ ಇಲ್ಲ. ಆಮೇಲೆ ಬಿಡುವಿನ ವೇಳೆಯಲ್ಲಿ ನೋಡಿದರೆ, ಪ್ರಮಾಣಪತ್ರದ ಆಸೆಗೆ ಬರೆದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟಿದರು. ಇದ್ದ ಆಸಕ್ತಿಯನ್ನು ಕಾಗದ ತಿಂದುಹಾಕಿತ್ತು.

ಪ್ರತಿನಿಧಿ: ಹಾಗಾದರೆ ಮಕ್ಕಳಿಗೆ ಹೋಂವರ್ಕೇ ಬೇಡವೇ?

ಪ್ರಮಾಣಪತ್ರ: ಅದನ್ನೂ ಕೇಂದ್ರದವರು ಅಳೆದಿಟ್ಟಿದ್ದಾರೆ. 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಎರಡನೇ ತರಗತಿವರೆಗೆ ಹೋಂವರ್ಕ್ ಇಲ್ಲ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಮಕ್ಕಳ ಹೋಂವರ್ಕಿಗೆ ಮಿತಿ ಹಾಕಿದ್ದಾರೆ. ಮೇಷ್ಟ್ರ ಹೋಂವರ್ಕಿಗೆ ಹಾಕಿಲ್ಲ.

ಅತಿಥಿ ಶಿಕ್ಷಕಿ ಒಳಗೆ ಬಂದರು. ಬೀರು ತೆರೆದಿದ್ದು ಕಂಡು ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ, ಫೈಲನ್ನು ತಡಕುವುದು ಅವರಿಗೂ ಅಭ್ಯಾಸವೇ. ಹೋಂವರ್ಕಿಗೆ ಅವರದೊಂದು ಉಪಾಯ ಉಂಟು. ಮನೆಯ ಕರೆಂಟ್ ಬಿಲ್ಲು ತಂದು ಕಳೆದ ತಿಂಗಳಿಗಿಂತ ಎಷ್ಟು ಯೂನಿಟ್ ಜಾಸ್ತಿ ಎಂದು ಲೆಕ್ಕ ಹಾಕಿ ಎನ್ನುತ್ತಾರೆ. ಒಬ್ಬರ ಬಿಲ್ಲು ಇನ್ನೊಬ್ಬರದಲ್ಲ, ನಕಲು ಮಾಡಲು ದಾರಿಯಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಮಾಡಿಕೊಂಡು ಬರುತ್ತಾರಂತೆ. ಇದಕ್ಕೆ ಎಷ್ಟು ಅಂಕ ಎಂದು ಪ್ರತಿನಿಧಿ ಪ್ರಮಾಣಪತ್ರದತ್ತ ತಿರುಗಿ ಕೇಳಿದರು.

"ನಾಲ್ಕು ಆಯ್ಕೆಯಲ್ಲಿ ಅದು ಬರುವುದಿಲ್ಲ" ಎಂದಿತು ಅದು. "ನನ್ನನ್ನು ಪಡೆಯಲು ಯಾರೂ ಒಂದು ದಿನವಾದರೂ ಮಕ್ಕಳ ಮುಂದೆ ನಿಂತು ತೋರಿಸಬೇಕಿಲ್ಲ. ಬರೀ ವೃತ್ತ ತುಂಬಿದರೆ ಸಾಕು."

2027ರ ಸೆಪ್ಟೆಂಬರ್ 1ಕ್ಕೆ ಗಡುವು ಮುಗಿಯುತ್ತದೆ. ಅದಕ್ಕೂ ಮುಂಚೆ ಎನ್‌ಸಿಟಿಇಯವರು, ಇಲಾಖೆಯವರು ಇಂಥದೊಂದು ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕೂತು ನೋಡಲಿ, ನೋಡಿದ್ದಕ್ಕೂ ಒಂದಿಷ್ಟು ಅಂಕ ಇಡಲಿ.